ಓದಲು ಬಾರದ ಲಿಪಿ

ಪತ್ತೇದಾರಿ ಕಥೆಯೆಂದರೆ ಮೂಗು ಮುರಿಯುವ ವಿದ್ವಾಂಸರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅದನ್ನು ಕದ್ದು ಓದುವ ವಿದ್ಯಾರ್ಥಿಗಳೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಇಂತಹ ನೂರಾರು ಕಾದಂಬರಿಗಳನ್ನು ಬರೆದು, ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದರು. ಈ ಜಾತಿಯ ಕಥೆಗೆ ಒಂದು ಸಿದ್ಧ ಚೌಕಟ್ಟುಂಟು. ಮೊದಲು ಕೊಲೆ, ಆಮೇಲೆ ಪೊಲೀಸರು, ನಡುವೆ ನಾಲ್ಕಾರು ಸುಳ್ಳು ಸುಳಿವು, ಕೊನೆಯ ಪುಟದಲ್ಲಿ ಕೊಲೆಗಾರನ ಹೆಸರು. ಹೆಸರು ತಿಳಿದೊಡನೆ ಓದುಗನು ಪುಸ್ತಕ ಮಡಿಸಿ ನೆಮ್ಮದಿಯಿಂದ ಮಲಗಬಹುದು. 2025ರ ಮಾರ್ಚ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಬಂದ ‘ಅಡೋಲೆಸೆನ್ಸ್’ ಎಂಬ ಇಂಗ್ಲೆಂಡಿನ ಧಾರಾವಾಹಿಯು ಈ ಚೌಕಟ್ಟನ್ನು ಮುರಿದಿದೆ. ಅದರ ನಾಲ್ಕು ಕಂತುಗಳಲ್ಲಿ ಕೊಲೆಗಾರನಾರೆಂಬುದು ಮೊದಲನೆಯ ಕಂತಿನ ಕೊನೆಗೇ ತಿಳಿದುಹೋಗುತ್ತದೆ. ನೆಮ್ಮದಿ ಮಾತ್ರ ನಾಲ್ಕನೆಯ ಕಂತು ಮುಗಿದರೂ ದೊರೆಯುವುದಿಲ್ಲ.

ಕಥೆ ಇಷ್ಟು. ಇಂಗ್ಲೆಂಡಿನ ಒಂದು ಊರಿನಲ್ಲಿ ಬೆಳಗಿನ ಜಾವ ಆಯುಧಪಾಣಿಗಳಾದ ಪೊಲೀಸರು ಸಾಮಾನ್ಯ ಸಂಸಾರವೊಂದರ ಮನೆಯ ಬಾಗಿಲನ್ನು ಒಡೆದು ನುಗ್ಗುತ್ತಾರೆ. ಅವರು ಹಿಡಿಯಲು ಬಂದದ್ದು 13 ವರ್ಷದ ಜೇಮೀ ಎಂಬ ಬಾಲಕನನ್ನು. ಅವರನ್ನು ಕಂಡು ಹೆದರಿ ಉಟ್ಟ ಬಟ್ಟೆಯನ್ನೇ ಒದ್ದೆಮಾಡಿಕೊಳ್ಳುವಷ್ಟು ಎಳೆಯ ಹುಡುಗನನ್ನು. ಶಾಲೆಯಲ್ಲಿ ಜೊತೆಗೆ ಓದುತ್ತಿದ್ದ ಕೇಟಿ ಎಂಬ ಹುಡುಗಿಯನ್ನು ಚೂರಿಯಿಂದ ಇರಿದು ಕೊಂದನೆಂಬುದು ಅವನ ಮೇಲಿನ ಆರೋಪ. ತಂದೆ ಎಡ್ಡಿ ಮಿಲ್ಲರ್ ನಲ್ಲಿ, ಕೊಳವೆಗಳ ಕೆಲಸದವನು. ದುಡಿದು ಉಣ್ಣುವವನು, ಹೆಂಡತಿ ಮಕ್ಕಳ ಮೇಲೆ ಪ್ರಾಣ ಇಟ್ಟುಕೊಂಡವನು. ಮಗ ಅಂಥವನಲ್ಲವೆಂದು ನಂಬಿ ಠಾಣೆಯಲ್ಲಿ ಅವನ ಪಕ್ಕದಲ್ಲಿಯೇ ಕುಳಿತಿರುವ ಆ ತಂದೆಯ ಮುಂದೆ ಪೊಲೀಸರು ಕ್ಯಾಮರಾದಲ್ಲಿ ಸೆರೆಯಾದ ಕೊಲೆಯ ದೃಶ್ಯವನ್ನು ತೋರಿಸುತ್ತಾರೆ. ‘ಯಾರು’ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ‘ಏಕೆ’ ಎಂಬ ಪ್ರಶ್ನೆ ಅಲ್ಲಿಂದ ಮೊದಲಾಯಿತು. ಇದನ್ನು ಬರೆದವರು ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ. ಗ್ರಹಾಂ ಅವರೇ ತಂದೆಯ ಪಾತ್ರವನ್ನೂ ವಹಿಸಿದ್ದಾರೆ. ಪ್ರತಿಯೊಂದು ಕಂತನ್ನೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರಿಸಿರುವುದರಿಂದ, ನೋಡುವವನಿಗೆ ಕಣ್ಣು ತಪ್ಪಿಸಿಕೊಳ್ಳಲು ಎಡೆಯೇ ಇಲ್ಲ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಕಂತು. ಕೊಲೆಯ ಕಾರಣವನ್ನು ಹುಡುಕಿಕೊಂಡು ಬ್ಯಾಸ್ಕೋಂಬ್ ಎಂಬ ಪೊಲೀಸ್ ಅಧಿಕಾರಿಯು ಜೇಮೀ ಓದುತ್ತಿದ್ದ ಶಾಲೆಗೆ ಹೋಗುತ್ತಾನೆ. ಈತ ದಡ್ಡನಲ್ಲ, ಕ್ರೂರನೂ ಅಲ್ಲ. ತನ್ನ ಕೆಲಸವನ್ನು ಬಲ್ಲವನು. ಇನ್‌ಸ್ಟಾಗ್ರಾಮಿನಲ್ಲಿ ಜೇಮೀಗೆ ಕೇಟಿ ಹಾಕಿದ ಇಮೋಜಿಗಳನ್ನು, ಎಂದರೆ ಪುಟ್ಟ ಪುಟ್ಟ ಚಿತ್ರಗಳನ್ನು, ನೋಡಿ ಅವರಿಬ್ಬರೂ ಸ್ನೇಹಿತರೆಂದೇ ಆತ ಭಾವಿಸಿರುತ್ತಾನೆ. ಅದೇ ಶಾಲೆಯಲ್ಲಿ ಓದುವ ಆತನ ಸ್ವಂತ ಮಗ ಆಡಂ, ತಂದೆ ಎಲ್ಲರ ಮುಂದೆ ಪೆಚ್ಚಾಗುವುದನ್ನು ನೋಡಲಾರದೆ, ಅವನನ್ನು ಬೇರೆ ಕರೆದು ಆ ಚಿತ್ರಗಳ ಅರ್ಥವನ್ನು ಹೇಳಿಕೊಡುತ್ತಾನೆ. ಕೆಂಪು ಗುಳಿಗೆಯೆಂದರೆ ‘ಸತ್ಯ ಕಂಡವನು’ ಎಂಬ ಸಂಕೇತ. 1999ರ ‘ದಿ ಮೇಟ್ರಿಕ್ಸ್’ ಚಲನಚಿತ್ರದಿಂದ ಎತ್ತಿಕೊಂಡದ್ದು. ನೂರೆಂಬ ಅಂಕಿಯ ಹಿಂದೆ, 80 ಪಾಲು ಹೆಂಗಸರು 20 ಪಾಲು ಗಂಡಸರನ್ನು ಮಾತ್ರ ಮೆಚ್ಚುತ್ತಾರೆ, ಉಳಿದವರಿಗೆ ಗತಿಯಿಲ್ಲ ಎಂಬ ಸಿದ್ಧಾಂತವಿದೆ. ಹುಡುಗಿ ಹಾಕಿದ್ದು ಸ್ನೇಹದ ಗುರುತಲ್ಲ. ‘ನೀನೊಬ್ಬ ಇನ್ಸೆಲ್’ ಎಂಬ ಅಪಹಾಸ್ಯ. ಕೊಲೆಯ ಕಾರಣದ ಎಳೆ ಪೊಲೀಸರ ಕೈಯಲ್ಲಿಯೇ ಇತ್ತು. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ!

ಈ ‘ಇನ್ಸೆಲ್’ ಎಂಬ ಶಬ್ದದ ಚರಿತ್ರೆಯು ಕುತೂಹಲಕರವಾದುದು. ಬಯಸಿದರೂ ಸಂಗಾತಿ ದೊರೆಯದವರೆಂಬ ಅರ್ಥದಲ್ಲಿ, ಒಂಟಿ ಜೀವಗಳು ಪರಸ್ಪರ ಸಂತೈಸಿಕೊಳ್ಳಲೆಂದು, ಕೆನಡಾ ದೇಶದ ಒಬ್ಬ ಮಹಿಳೆಯೇ 1990ರ ದಶಕದಲ್ಲಿ ಇದಕ್ಕೆ ನಾಂದಿ ಹಾಡಿದಳು. ಹೆಣ್ಣೊಬ್ಬಳು ನೆಟ್ಟ ಗಿಡ ಹೆಣ್ಣುಕುಲಕ್ಕೇ ವಿಷದ ಮರವಾಗಿ ಬೆಳೆಯಿತು. ‘ನಮಗೆ ಒಲಿಯದಿರುವುದು ಅವರ ಇಷ್ಟವಲ್ಲ, ನಮಗೆ ಬಗೆದ ಅನ್ಯಾಯ’ ಎಂದು ನಂಬಿದ ಗಂಡಸರು ಅಂತರ್ಜಾಲದಲ್ಲಿ ಗುಂಪುಕಟ್ಟಿದರು. 2014ರ ಮೇ 23ರಂದು ಕ್ಯಾಲಿಫೋರ್ನಿಯಾದ ಐಲಾ ವಿಸ್ತಾದಲ್ಲಿ 22 ವರ್ಷದ ಯುವಕನೊಬ್ಬ ಆರು ಮಂದಿಯನ್ನು ಕೊಂದನು. 2018ರ ಏಪ್ರಿಲ್ 23ರಂದು ಟೊರಾಂಟೋ ನಗರದಲ್ಲಿ ಇನ್ನೊಬ್ಬನು, ಇನ್ಸೆಲ್ ಬಂಡಾಯವನ್ನು ಹೊಗಳಿ ಫೇಸ್‌ಬುಕ್ಕಿನಲ್ಲಿ ಬರೆದು, ಕಾಲುಹಾದಿಯ ಮೇಲೆ ವ್ಯಾನು ನುಗ್ಗಿಸಿದನು. ಆ ದಿನ ಹತ್ತು ಮಂದಿ ಸತ್ತರು. ಗಾಯಗೊಂಡಿದ್ದ ಮತ್ತೊಬ್ಬ ಮಹಿಳೆ 2021ರಲ್ಲಿ ತೀರಿಕೊಂಡರು. ಆದುದರಿಂದ ಧಾರಾವಾಹಿಯ ಕೊಲೆ ಕಲ್ಪನೆಯದಾದರೂ ಅದರ ಹಿಂದಿನ ವಿಷ ಕಲ್ಪನೆಯದಲ್ಲ.

‘ಇದು ಪಶ್ಚಿಮದ ರೋಗ, ನಮ್ಮ ಸಂಸ್ಕೃತಿಗೂ ಇದಕ್ಕೂ ಏನು ಸಂಬಂಧ?’ ಎಂದು ಕೇಳುವವರುಂಟು. ಅವರಿಗೆ ಎರಡು ಸಂಗತಿಗಳನ್ನು ನೆನಪು ಮಾಡಿಕೊಡಬೇಕಾಗಿದೆ. 2021ರ ಜುಲೈ ತಿಂಗಳಲ್ಲಿ ನಮ್ಮ ದೇಶದ ಅನೇಕ ಮುಸ್ಲಿಂ ಮಹಿಳೆಯರ ಭಾವಚಿತ್ರಗಳನ್ನು ಕದ್ದು, ಅವರನ್ನು ಹರಾಜಿಗಿಟ್ಟಂತೆ ಒಂದು ಆ್ಯಪ್‌ನಲ್ಲಿ ತೋರಿಸಲಾಯಿತು. ದೂರು ಕೊಟ್ಟು ಆರು ತಿಂಗಳಾದರೂ ಒಬ್ಬರ ಬಂಧನವೂ ಆಗಲಿಲ್ಲ. 2022ರ ಜನವರಿ 1ರಂದು ಅದೇ ನೀಚ ಆಟ ಬೇರೆ ಹೆಸರಿನಲ್ಲಿ ಮರುಕಳಿಸಿತು. ಆಗ ಪೊಲೀಸರು ಎಚ್ಚತ್ತರು. ಬಂಧಿತರಾದ ಆರೋಪಿಗಳಲ್ಲಿ ಮೊದಲನೆಯವನು ಬೆಂಗಳೂರಿನಲ್ಲಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಬೆನ್ನಿಗೇ ಸಿಕ್ಕವಳು ಉತ್ತರಾಖಂಡದ 18 ವರ್ಷದ ಹುಡುಗಿ. ಅವರ ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಅವರ ವಯಸ್ಸನ್ನು ಗಮನಿಸುವುದು ನಮ್ಮ ಕೆಲಸ. ಅದು ಈ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿರುವವರ ವಯಸ್ಸು.

ಹಾಗಾದರೆ ಕಾನೂನಿಲ್ಲವೇ? ಇದೆ. ಒಲ್ಲೆನೆಂದ ಹೆಣ್ಣಿನ ಬೆನ್ನು ಬೀಳುವುದು, ಅಂತರ್ಜಾಲದಲ್ಲಿ ಅವಳ ಮೇಲೆ ಕಣ್ಣಿಟ್ಟು ಕಾಯುವುದು 2013ರಿಂದಲೇ ನಮ್ಮಲ್ಲಿ ಅಪರಾಧ; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಅದನ್ನೇ ಹೇಳುತ್ತದೆ. ಮಕ್ಕಳ ಕೈಯಿಂದ ಈ ಜಾಲವನ್ನೇ ಕಿತ್ತುಕೊಳ್ಳಬೇಕೆಂಬ ವಾದವೂ ಇದೆ; ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿದೆ. ಇವೆಲ್ಲ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಪೊಲೀಸರು ಬರುವುದು ಚೂರಿ ಬಿದ್ದ ಮೇಲೆ. ಬಾಗಿಲು ಒಡೆಯುವ ಸಲಕರಣೆ ಅವರಲ್ಲಿದೆ. ಆ ಬಾಗಿಲಿನ ಹಿಂದೆ ಹುಡುಗನೊಬ್ಬ ರಾತ್ರಿಯೆಲ್ಲ ಏನನ್ನು ಓದುತ್ತಿದ್ದಾನೆಂದು ತಿಳಿಯುವ ಸಲಕರಣೆ ಅವರಲ್ಲಿಲ್ಲ. ಅದು ಇರಬೇಕಾದದ್ದು ಅವನ ಸುತ್ತಲಿನವರಲ್ಲಿ.

ಧಾರಾವಾಹಿಯ ಕೊನೆಯ ಕಂತಿನಲ್ಲಿ ತಂದೆತಾಯಿಗಳು ತಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಮಗ ಬೀದಿ ಸುತ್ತುತ್ತಿರಲಿಲ್ಲ, ತನ್ನ ಕೋಣೆಯಲ್ಲಿಯೇ ಇದ್ದನು. ಆದುದರಿಂದ ಕ್ಷೇಮವಾಗಿದ್ದಾನೆಂದು ಅವರು ನಂಬಿದ್ದರು. ಎಡ್ಡಿ ತನ್ನ ಅಪ್ಪನಿಂದ ಪೆಟ್ಟು ತಿಂದು ಬೆಳೆದವನು. ತನ್ನ ಮಕ್ಕಳ ಮೇಲೆ ಕೈ ಮಾಡಬಾರದೆಂದು ನಿಶ್ಚಯಿಸಿ ಹಾಗೆಯೇ ನಡೆದುಕೊಂಡವನು. ಅಂತಹ ತಂದೆ, ಅಕ್ಷರ ಬಲ್ಲವನೇ ಆದರೂ, ಮಗನ ಮೊಬೈಲಿನ ಮುಂದೆ ನಿರಕ್ಷರಿ.

ಇಲ್ಲಿ ನಮ್ಮಂಥವರ ಮಾತು ಬರುತ್ತದೆ. ಈ ಕಾಲೇಜಿನಲ್ಲಿ ಓದುತ್ತಿರುವ ಅನೇಕರು, ನಾನೂ ಸೇರಿದಂತೆ, ಮನೆತನದಲ್ಲಿ ಮೊದಲು ಪದವಿಯ ಮೆಟ್ಟಿಲು ಹತ್ತಿದವರು. ಬ್ಯಾಂಕಿನ ಕಾಗದ ಬಂದರೆ, ತಾಲ್ಲೂಕು ಕಚೇರಿಯ ನೋಟೀಸು ಬಂದರೆ, ಆಸ್ಪತ್ರೆಯ ಚೀಟಿ ಬಂದರೆ ಅಪ್ಪ ಅವ್ವಂದಿರಿಗೆ ಓದಿ ಹೇಳುವವರು ನಾವೇ. ಓದಲು ಬಲ್ಲವನು ಬಾರದವರಿಗೆ ಓದಿ ಹೇಳಬೇಕೆಂಬ ಧರ್ಮವನ್ನು ನಮಗೆ ಯಾರೂ ಪಾಠಮಾಡಿ ಕಲಿಸಬೇಕಾಗಿಲ್ಲ. ಈ ಹೊಸ ಲಿಪಿಯನ್ನೂ ಓದಬಲ್ಲವರು ನಾವೇ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾವುದು ತಮಾಷೆ, ಯಾವುದು ತಮಾಷೆಯ ವೇಷದ ವಿಷ, ಯಾವ ಗೆಳೆಯ ಹೆಣ್ಣುಮಕ್ಕಳನ್ನು ಕುರಿತು ನಿನ್ನೆ ನಗುತ್ತ ಆಡಿದ ಮಾತನ್ನು ಇಂದು ಹಲ್ಲು ಕಡಿದು ಆಡುತ್ತಿದ್ದಾನೆ ಎಂಬುದು ನಮ್ಮ ಉಪನ್ಯಾಸಕರಿಗೆ ತಿಳಿಯದು, ಹಿರಿಯರಿಗೆ ತಿಳಿಯದು; ನಮಗೆ ತಿಳಿಯುತ್ತದೆ. ತಿಳಿದೂ ಬಾಯಿ ಮುಚ್ಚಿಕೊಳ್ಳುವುದು ನೋಟೀಸನ್ನು ಓದಿಕೊಂಡು, ಅಪ್ಪನಿಗೆ ಹೇಳದೆ ಜೇಬಿನಲ್ಲಿಟ್ಟುಕೊಂಡಂತೆ. ಆಡಂ ಎಂಬ ಆ ಹುಡುಗ ಇಡೀ ಕಥೆಯಲ್ಲಿ ಮಾಡಿದ್ದು ಇಷ್ಟೇ, ತಂದೆಗೆ ಓದಿ ಹೇಳಿದ್ದು. ಆ ಮಾತಿನಿಂದ ಪೊಲೀಸರ ತನಿಖೆ ಮುಂದುವರಿಯಿತು. ಅದಕ್ಕಿಂತ ಮಿಗಿಲಾಗಿ ತಂದೆಮಕ್ಕಳ ನಡುವೆ ಮಾತು ಮೊದಲಾಯಿತು.

ಹುಡುಗಿ ಅಪಹಾಸ್ಯ ಮಾಡದಿದ್ದರೆ ಇದಾಗುತ್ತಿರಲಿಲ್ಲವಲ್ಲ ಎಂಬ ಮಾತನ್ನೂ ನಮ್ಮ ಗೆಳೆಯರಿಂದ ನಿರೀಕ್ಷಿಸಬಹುದು. ಕಥೆಯನ್ನು ಸರಿಯಾಗಿ ನೋಡಿದವರು ಹಾಗೆನ್ನಲಾರರು. ಕೇಟಿಯ ಖಾಸಗಿ ಚಿತ್ರವೊಂದು ಶಾಲೆಯ ಹುಡುಗರ ಕೈಯಿಂದ ಕೈಗೆ ಹರಿದಾಡಿತ್ತು, ಅವಳು ಕುಗ್ಗಿರುವ ಹೊತ್ತಿನಲ್ಲಿ ಕೇಳಿದರೆ ಒಪ್ಪಿಯಾಳೆಂದು ಎಣಿಸಿ ಜೇಮೀ ಅವಳನ್ನು ಕರೆದನು, ಅವಳು ಒಲ್ಲೆನೆಂದಳು. ಅಪಹಾಸ್ಯಕ್ಕೆ ಮರುಮಾತು ಉಂಟು, ಮುನಿಸು ಉಂಟು, ಚೂರಿ ಉತ್ತರವಲ್ಲ. ಒಲ್ಲೆನೆನ್ನುವ ಹಕ್ಕು ಹೆಣ್ಣಿಗಿದೆಯೆಂಬುದನ್ನು ಒಪ್ಪದ ಗಂಡಸು ಎಷ್ಟು ಪದವಿ ಪಡೆದರೇನು ಫಲ?

ಕೊಲೆಗಾರನ ಹೆಸರು ಜನರ ನೆನಪಿನಲ್ಲಿ ಉಳಿಯುತ್ತದೆ, ಸತ್ತ ಹುಡುಗಿಯನ್ನು ಜಗತ್ತು ಮರೆಯುತ್ತದೆ ಎಂದು ಧಾರಾವಾಹಿಯ ಮಹಿಳಾ ಪೊಲೀಸ್ ಅಧಿಕಾರಿ ಕೊರಗುತ್ತಾಳೆ. ಧಾರಾವಾಹಿಯೂ ಆ ದೋಷದಿಂದ ಪಾರಾಗಿಲ್ಲ. ಜೇಮೀಯ ಮನಸ್ಸನ್ನು ಬಗೆಬಗೆದು ತೋರಿಸಿದ ಕಥೆ ಕೇಟಿಯ ಮನೆಯ ಹೊಸ್ತಿಲನ್ನೇ ತುಳಿಯುವುದಿಲ್ಲ. ಟೊರಾಂಟೋ ಹತ್ಯೆಯ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಆ್ಯನ್ ಮೊಲೊಯ್ ಅವರು 2021ರಲ್ಲಿ ತೀರ್ಪು ಕೊಡುವಾಗ, ಕುಖ್ಯಾತಿಯನ್ನೇ ಬಯಸಿದ ಆ ಅಪರಾಧಿಯ ಹೆಸರನ್ನು ಹೇಳಲು ನಿರಾಕರಿಸಿದರು. ನನಗೆ ಅದು ಧಾರಾವಾಹಿಗಿಂತ ಒಂದು ಹೆಜ್ಜೆ ಮುಂದೆ ಹೋದ ವಿವೇಕವೆಂದು ತೋರುತ್ತದೆ.

ಬ್ರಿಟನ್ನಿನಲ್ಲಿ ಈ ಧಾರಾವಾಹಿಯನ್ನು ಪ್ರೌಢಶಾಲೆಗಳಲ್ಲಿ ಉಚಿತವಾಗಿ ತೋರಿಸಲು ಏರ್ಪಾಡಾದಾಗ ಪ್ರಧಾನಮಂತ್ರಿ ಸ್ಟಾರ್ಮರ್ ಅವರೇ ಅದನ್ನು ಬೆಂಬಲಿಸಿದರು. ನಮ್ಮ ಕಾಲೇಜಿಗೂ ಇಂತಹದೊಂದು ಬೇಕು. ಸ್ತ್ರೀಯರನ್ನು ಕುರಿತ ಚರ್ಚೆಯೆಂದರೆ ಹುಡುಗಿಯರನ್ನು ಮಾತ್ರ ಕೂರಿಸಿ ಎಚ್ಚರಿಕೆ ಹೇಳುವ ಪದ್ಧತಿ ಸಾಕು. ಹುಡುಗರನ್ನು ಕೂರಿಸಿರಿ; ಅವರ ಮೊಬೈಲಿನ ಭಾಷೆಯನ್ನು ಅವರ ಬಾಯಿಂದಲೇ ಕೇಳಿರಿ. ಗುರುಗಳಾದವರು ನಮ್ಮಿಂದ ಕಲಿಯಲು ಸಂಕೋಚಪಡಬೇಕಾಗಿಲ್ಲ. ನಾವು ಹೇಳಲು ಹೆದರಬೇಕಾಗಿಲ್ಲ. ಓದಬಲ್ಲವರೆಲ್ಲ ಸುಮ್ಮನಿದ್ದರೆ, ಆ ಲಿಪಿಯನ್ನು ಕೊನೆಗೆ ಓದಬೇಕಾದವರು ಪೊಲೀಸರು. ಅವರು ಓದುವ ಹೊತ್ತಿಗೆ ಯಾರದೋ ಮನೆಯ ಮಗಳು ಇರುವುದಿಲ್ಲ.