ಕ್ಷಮಿಸಿದವರು ದೂರು ಕೊಡಬಾರದೇ?

ಹಲ್ಲೆಗೊಳಗಾದ ಕ್ರೈಸ್ತರು ಠಾಣೆ, ಕೋರ್ಟು ಎಂದು ಅಲೆಯದೆ ಕ್ಷಮಿಸಿ ಸುಮ್ಮನಿರಬೇಕು, ಅದೇ ಯೇಸುವಿನ ದಾರಿ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಕ್ಷಮಿಸುವ ಮಾತು ಸರಿ. ಸುಮ್ಮನಿರುವ ಮಾತು ಎಲ್ಲಿಂದ ಬಂತು? ಮಹಾಯಾಜಕನೆದುರು ಕಾವಲಿನವನು ಕೆನ್ನೆಗೆ ಹೊಡೆದಾಗ, ಏಕೆ ಹೊಡೆದೆಯೆಂದು ಯೇಸುವೇ ಕೇಳಿದ್ದುಂಟು. ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ತಳ್ಳಿದ ಫಿಲಿಪ್ಪಿಯ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳಿಸಲು ನೋಡಿದಾಗ, ತಾನು ರೋಮನ್ ಪ್ರಜೆ, ಅವರೇ ಬಂದು ಕರೆದೊಯ್ಯಲಿ ಎಂದು ಪೌಲ ಪಟ್ಟುಹಿಡಿದ. ಮುಂದೆ ಕೈಸರನಿಗೇ ಮೇಲ್ಮನವಿ ಮಾಡಿಕೊಂಡ. ಲೇಖಕರು ಈ ಪುಟಗಳನ್ನು ಹಾರಿಸಿ ಓದಿದರೇನೋ!

1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಪತಿ ಗ್ರಹಾಂ ಸ್ಟೇನ್ಸ್‌ರನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟವರನ್ನು ಗ್ಲಾಡಿಸ್ ಕ್ಷಮಿಸಿದರು. ಆದರೂ ಮೊಕದ್ದಮೆ ನಿಲ್ಲಲಿಲ್ಲ, ಮುಖ್ಯ ಅಪರಾಧಿ ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದೂರೇ ಇಲ್ಲದಿದ್ದರೆ ಮುಂದಿನ ಏಟು ಪಕ್ಕದೂರಿನವರಿಗೆ. ಅವರ ಕೆನ್ನೆಯನ್ನು ಒಡ್ಡುವ ಅಧಿಕಾರ ಲೇಖಕರಿಗೆ ಕೊಟ್ಟವರಾರು?