ಜೀನೋಮ್ ಬೆರಳು ತೋರುವುದು ಯಾರತ್ತ?

ಕಳೆದ ತಿಂಗಳು ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್‌ಗೆ ಕ್ಷಯ ಎಂದು ಗೊತ್ತಾಯಿತು. ಯಾದಗಿರಿ ಕಡೆಯ ಹುಡುಗ. ಗೇಟಿನಲ್ಲಿ ಕಂಡಾಗಲೆಲ್ಲ "ಊಟ ಆಯ್ತೇನ್ರೀ ಸರ್" ಎನ್ನುತ್ತಿದ್ದವನು. ಏಜೆನ್ಸಿಯವರು ಅದೇ ರಾತ್ರಿ ಅವನನ್ನು ಊರಿನ ಬಸ್ಸು ಹತ್ತಿಸಿದರು. ಭಾನುವಾರದ ಸಭೆಯಲ್ಲಿ ಒಬ್ಬರೆಂದರು: "ಈ ವಲಸೆ ಜನ ಊರಿಂದ ರೋಗ ಹೊತ್ತು ತರುತ್ತಾರೆ. ಈಗ ಜೀನೋಮ್ ಪರೀಕ್ಷೆ ಇದೆಯಲ್ಲ, ಯಾರಿಂದ ಬಂತೆಂದು ಹಿಡಿಯಬಹುದು." ತಲೆಯಾಡಿಸಿದವರಲ್ಲಿ ಇಬ್ಬರು ಕನ್ನಡಿಗರು.

ಬ್ಯಾಕ್ಟೀರಿಯಾದ ಜೀನೋಮ್ ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಸುಮ್ಮನಿರಲಾರೆ.

ಕ್ಷಯದ ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಅದು ಬದಲಾಗುವುದು ಬಲು ನಿಧಾನ, ಸರಾಸರಿ ಎರಡು ವರ್ಷಕ್ಕೆ ಒಂದು ಅಕ್ಷರ. ಇಬ್ಬರು ರೋಗಿಗಳ ಬ್ಯಾಕ್ಟೀರಿಯಾಗಳ ನಡುವೆ 5 ಅಕ್ಷರಗಳೊಳಗಿನ ವ್ಯತ್ಯಾಸವಿದ್ದರೆ ಸೋಂಕು ಇತ್ತೀಚೆಗೆ ಹರಡಿರಬಹುದು. 12 ದಾಟಿದರೆ ಆ ಸಾಧ್ಯತೆ ಕಡಿಮೆ. ಆದರೆ ಯಾರು ಯಾರಿಗೆ ಕೊಟ್ಟರು ಎಂಬುದನ್ನು ಜೀನೋಮ್ ಒಂದೇ ಹೇಳಲಾರದು. ಇಂಗ್ಲೆಂಡಿನಂಥ ದೇಶಗಳಲ್ಲಿ ಈ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ವಲಸಿಗರಲ್ಲಿ ಕಾಣುವ ಕ್ಷಯ ಬಹುಪಾಲು ಒಳಗೇ ಮಲಗಿದ್ದ ಹಳೆಯ ಸೋಂಕು ಎದ್ದದ್ದು. ಸ್ಥಳೀಯರಿಗೆ ಹರಡಿದ್ದು ಕಡಿಮೆ.

ಇನ್ನು ನಮ್ಮ ಹುಡುಗ. ಅವನು ಮಲಗುತ್ತಿದ್ದುದು ನಮ್ಮದೇ ಬೇಸ್‌ಮೆಂಟಿನ ಪಂಪ್ ರೂಮಿನ ಪಕ್ಕ. ಕಿಟಕಿಯಿಲ್ಲ. ಮೂರು ಹಾಸಿಗೆಯಲ್ಲಿ ಪಾಳಿಯಂತೆ ಆರು ಜನ. ಅವನು ರೋಗ ತಂದನೋ, ಇಲ್ಲೇ ಅಂಟಿಸಿಕೊಂಡನೋ? ಉಳಿದ ಐವರಲ್ಲಿ ಯಾರಿಗಾದರೂ ಕ್ಷಯ ಕಂಡು, ಎರಡು ಜೀನೋಮ್ ತಾಳೆಯಾದರೆ ಸಿಕ್ಕಿಬೀಳುವುದು ಆ ಕೋಣೆ. ಅದರ ಮಾಲೀಕರು ನಾವು.

ಜೀನೋಮ್ ಪರೀಕ್ಷೆ ಬೇಡ ಎನ್ನುತ್ತಿಲ್ಲ, ಬೇಕೇ ಬೇಕು. ಆದರೆ ಅದು ಗಾಳಿ ಬೆಳಕಿಲ್ಲದ ಜಾಗ ಹುಡುಕಲಿ, ಮನುಷ್ಯನನ್ನು ಓಡಿಸುವ ನೆಪವಾಗದಿರಲಿ. ಕ್ಷಯದ ಔಷಧಿ ಸರ್ಕಾರ ಪುಕ್ಕಟೆ ಕೊಡುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಇದೆ. ನಿಕ್ಷಯ್ ನೋಂದಣಿಯಿದ್ದರೆ ಚಿಕಿತ್ಸೆಯನ್ನು ಇನ್ನೊಂದೂರಿಗೆ ವರ್ಗಾಯಿಸಲೂ ಬರುತ್ತದೆ. ಬಸ್ಸು ಹತ್ತಿಸುವ ಅವಸರದಲ್ಲಿ ಅದನ್ನು ಯಾರೂ ಕೇಳಲಿಲ್ಲ. ಔಷಧಿ ನಡುವೆ ನಿಂತರೆ ರೋಗ ಮದ್ದಿಗೆ ಬಗ್ಗದಂತಾಗಬಹುದು, ಆಗ ಅದು ಎಲ್ಲರ ಪಾಲಿಗೂ ಅಪಾಯ.

ನಾವೂ ವಲಸೆ ಬಂದವರೇ. ಲ್ಯಾಪ್‌ಟಾಪ್ ಹೊತ್ತು ಬಂದೆವೆಂದು ಯಾರೂ ಹಾಗೆನ್ನುವುದಿಲ್ಲ, ಅಷ್ಟೇ. ಕ್ಲಬ್‌ಹೌಸಿನ ಹಿಂದೆ ಎರಡು ಕಿಟಕಿಯ ಕೋಣೆಯೊಂದು ಖಾಲಿ ಬಿದ್ದಿದೆ. ಅದನ್ನು ವಾಚ್‌ಮನ್‌ಗಳಿಗೆ ಕೊಡಿ ಎಂದು ಬರೆದುಕೊಟ್ಟಿದ್ದೇನೆ. ತಲೆಯಾಡಿಸಿದ ಆ ಇಬ್ಬರು ಇನ್ನೂ ಸಹಿ ಹಾಕಿಲ್ಲ. ಹುಡುಗನ ಹಾಸಿಗೆಗೆ ಮಾತ್ರ ಮೂರನೆಯ ದಿನವೇ ಇನ್ನೊಬ್ಬ ಬಂದಿದ್ದಾನೆ.