ಬೀಸುಕಲ್ಲಿನ ಗುಂಡಿಯ ಕೂಸು

ಅವ್ವ ಐರ್ಲೆಂಡಿಗೆ ಬಂದ ಮೂರನೇ ವಾರಕ್ಕೆ, "ಎಲ್ಲಿ ನೋಡಿದ್ರೂ ಬರೇ ಹಸರ. ಒಂದು ಕಲ್ಲು, ಒಂದು ಗುಡ್ಡ ಇಲ್ಲೇನೋ ಈ ದೇಶದಾಗ?" ಅಂದಳು. ಗಂಗಾವತಿ ಕಡೆಯ ಹೆಂಗಸು, ಬಂಡೆ ಕಾಣದಿದ್ದರೆ ಊಟ ಸೇರುವುದಿಲ್ಲ. ಹಾಗಾಗಿ ಮೇ ತಿಂಗಳ ಒಂದು ಶನಿವಾರ ಅವ್ವ, ತಮ್ಮ ಪುಟ್ಯಾ ಮತ್ತು ನಾನು ಬಾಡಿಗೆ ಕಾರು ಹಿಡಿದು ಗಾಲ್ವೇಯಿಂದ ಬರೆನ್ ಗುಡ್ಡಗಳಿಗೆ ಹೊರಟೆವು.

ಬರೆನ್ ಇರುವುದು ಪಶ್ಚಿಮ ಐರ್ಲೆಂಡಿನ ಕ್ಲೇರ್ ಕೌಂಟಿಯಲ್ಲಿ. ಐರಿಷ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಕಲ್ಲಿನ ಜಾಗ. ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಬೆಚ್ಚಗಿನ ಸಮುದ್ರದ ತಳದಲ್ಲಿ ಚಿಪ್ಪು, ಹವಳಗಳೆಲ್ಲ ಪದರ ಪದರವಾಗಿ ಕೂಡಿ ಆದ ಸುಣ್ಣಕಲ್ಲು ಇದು. ಹಿಮಯುಗದಲ್ಲಿ ಹಿಮನದಿಗಳು ಮೇಲಿನ ಮಣ್ಣನ್ನೆಲ್ಲ ಕೆರೆದುಕೊಂಡು ಹೋದವು. ಉಳಿದ ಬಂಡೆಯನ್ನು ಮಳೆನೀರು ಕರಗಿಸಿ ಸೀಳಿತು. ಈಗ ಅದು ಬೂದುಬಣ್ಣದ ದೊಡ್ಡ ಅಂಗಳದ ಹಾಗಿದೆ. ನಮ್ಮೂರ ಮನೆಗಳ ಶಹಾಬಾದಿ ಫರ್ಸಿಯೂ ಸುಣ್ಣಕಲ್ಲೇ ಅಲ್ಲವೇ? ಅವ್ವನಿಗೆ ಅದನ್ನು ಹೇಳಿದೆ. "ಇಷ್ಟು ಸುಣ್ಣ ಇಟಗೊಂಡು ಎಲಿ ಅಡಿಕಿ ತಿನ್ನಂಗಿಲ್ಲಲ್ಲ ಈ ಮಂದಿ" ಅಂದಳು.

ಮೊದಲು ಮುಲ್ಲಾಮೋರ್ ಗುಡ್ಡ. ಎತ್ತರ 200 ಮೀಟರೂ ಇಲ್ಲ, ಆದರೆ ಕಲ್ಲಿನ ಪದರಗಳು ಮಡಚಿಟ್ಟ ಕಂಬಳಿಯ ಹಾಗೆ ಬಾಗಿವೆ. ನಡೆಯುವುದು ಸುಲಭವಲ್ಲ. ಚಪ್ಪಡಿಗಳ ನಡುವಿನ ಸೀಳುಗಳಲ್ಲಿ ಕಾಲು ಸಿಕ್ಕಿದರೆ ಕಥೆ ಮುಗೀತು. ಪುಟ್ಯಾನಿಗೆ ಡೌನ್ ಸಿಂಡ್ರೋಮ್, ವಯಸ್ಸು 24. ಅವನ ಕೀಲುಗಳು ಸಡಿಲ, ನಡಿಗೆ ನಿಧಾನ. ಪ್ರತಿ ಸೀಳಿನ ಹತ್ತಿರ ನಿಂತು, ಬಗ್ಗಿ, ಒಳಗೇನಿದೆ ನೋಡಿಯೇ ಮುಂದಿನ ಹೆಜ್ಜೆ. ನನಗೆ ತಾಳ್ಮೆ ಕಡಿಮೆ. ಗುಡ್ಡದ ತುದಿ ಮುಟ್ಟದಿದ್ದರೆ ಬಂದದ್ದು ವ್ಯರ್ಥ ಅನ್ನಿಸುವ ಜಾತಿ ನಾನು. "ಬಾರೋ ಬೇಗ" ಅಂತ ನಾಲ್ಕು ಸಲ ಅಂದಿರಬೇಕು. ಐದನೇ ಸಲ ಅವನು ಕೈ ಹಿಡಿದು ಜಗ್ಗಿ ತೋರಿಸಿದ್ದು ಕಡುನೀಲಿಯ ಪುಟ್ಟ ಹೂವು, ಸ್ಪ್ರಿಂಗ್ ಜೆನ್ಷಿಯನ್. ಉತ್ತರ ಧ್ರುವದ ಕಡೆಯ ಸಸ್ಯಗಳೂ ಮೆಡಿಟರೇನಿಯನ್ ಸೀಮೆಯ ಸಸ್ಯಗಳೂ ಒಂದೇ ಬಂಡೆಯ ಮೇಲೆ ಬೆಳೆಯುವುದಕ್ಕೇ ಬರೆನ್ ಪ್ರಸಿದ್ಧ. ನಾನು ಅಷ್ಟೂ ಹೂಗಳನ್ನು ದಾಟಿಕೊಂಡು ಬಂದಿದ್ದೆ. ತುದಿಗೆ ಹೋಗಲಿಲ್ಲ, ಅರ್ಧದಿಂದಲೇ ಇಳಿದೆವು.

ಇಲ್ಲಿಯ ರೈತರು ದನಗಳನ್ನು ಗುಡ್ಡಕ್ಕೆ ಹೊಡೆಯುವುದು ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಸುಣ್ಣಕಲ್ಲು ಬಿಸಿಲಿನ ಕಾವು ಹಿಡಿದಿಟ್ಟುಕೊಳ್ಳುತ್ತದೆ, ನೀರು ಸೀಳುಗಳಲ್ಲಿ ಇಳಿದುಹೋಗಿ ನೆಲ ಒಣಗಿಯೇ ಇರುತ್ತದೆ. ದನ ಹುಲ್ಲು ಮೇಯ್ದುಬಿಡುವುದರಿಂದಲೇ ವಸಂತದಲ್ಲಿ ಹೂವಿಗೆ ಜಾಗ. ಅವ್ವನಿಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ ಮಾಹಿತಿ ಇದು. ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನೇ ಹೇಳುತ್ತಿದ್ದಾಳೆ.

ಮಧ್ಯಾಹ್ನ ಪೂಲ್ನಬ್ರೋನ್‌ಗೆ ಬಂದೆವು. ಬಯಲ ಬಂಡೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಕಲ್ಲುಗಳು, ಅವುಗಳ ಮೇಲೆ ಓರೆಯಾಗಿ ಒಂದು ದೊಡ್ಡ ಚಪ್ಪಡಿ. ಈ ಹೆಸರನ್ನು 'ದುಃಖದ ಗುಂಡಿ' ಎಂದು ಅರ್ಥ ಮಾಡಿ ಪ್ರವಾಸಿಗರಿಗೆ ಹೇಳುವುದುಂಟು. ನಿಜವಾದ ಅರ್ಥ ಬೀಸುಕಲ್ಲಿನ ಗುಂಡಿ. ಅವ್ವ ದೂರದಿಂದಲೇ, "ಅಯ್ಯ, ಇದು ನಮ್ಮ ಮೋರೇರ ಮನಿ!" ಅಂದಳು. ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಶಿಲಾಗೋರಿಗಳಿವೆಯಲ್ಲ, ಅವನ್ನು ಮೋರೇರು ಎಂಬ ಕುಳ್ಳ ಜನ ಕಟ್ಟಿಕೊಂಡ ಮನೆಗಳು ಅಂತ ನಮ್ಮ ಕಡೆ ಹೇಳುತ್ತಾರೆ. ನಮ್ಮವು ಗ್ರಾನೈಟ್ ಬಂಡೆಯವು, ಕಬ್ಬಿಣಯುಗದವು. ಇದು ಅವಕ್ಕಿಂತ ಎರಡು ಮೂರು ಸಾವಿರ ವರ್ಷ ಹಳೆಯದು.

"ಇದರಾಗ ಯಾರನ್ನ ಇಟ್ಟಿದ್ರು?" ಅಂತ ಕೇಳಿದಳು. ಈ ಪ್ರಶ್ನೆ ಬರಲಿ ಅಂತಲೂ, ಬಾರದಿರಲಿ ಅಂತಲೂ ಬೆಳಗಿನಿಂದ ಕಾಯುತ್ತಿದ್ದೆ.

1985ರಲ್ಲಿ ಇಲ್ಲಿಯ ಒಂದು ಬಾಗಿಲುಗಲ್ಲು ಬಿರುಕು ಬಿಟ್ಟಿದ್ದು ಕಂಡಿತು. ದುರಸ್ತಿಯ ನೆಪದಲ್ಲಿ ಆ್ಯನ್ ಲಿಂಚ್ ಎಂಬ ಪುರಾತತ್ತ್ವಜ್ಞೆ 1986 ಮತ್ತು 1988ರಲ್ಲಿ ಅಗೆದು ನೋಡಿದರು. ಬಂಡೆಯ ಸೀಳುಗಳೊಳಗೆ ಮೂವತ್ತಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಗಂಡಸರು, ಹೆಂಗಸರು, ಮಕ್ಕಳು. ಒಬ್ಬರ ಸೊಂಟದ ಮೂಳೆಯಲ್ಲಿ ಕಲ್ಲಿನ ಬಾಣದ ಮೊನೆ ಮುರಿದು ಕೂತಿತ್ತು. ಆದರೆ ಗೋರಿಯನ್ನು ಬಳಸಿದ್ದು ಕ್ರಿ.ಪೂ. 3800ರಿಂದ 3200ರವರೆಗೆ, ಸುಮಾರು 600 ವರ್ಷ. ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಕ್ಕೆ ಒಬ್ಬರು. ಅಂದರೆ ಸತ್ತವರಿಗೆಲ್ಲ ಇದರೊಳಗೆ ಜಾಗ ಸಿಗುತ್ತಿರಲಿಲ್ಲ.

ಸಿಕ್ಕವರಲ್ಲಿ ಒಂದು ಗಂಡುಕೂಸಿದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಲಾರಾ ಕ್ಯಾಸಿಡಿ ಮತ್ತು ಸಂಗಡಿಗರು ಆ ಮೂಳೆಗಳ ಡಿಎನ್‌ಎ ಓದಿ 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳೆಯ ಮೂಳೆಯಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ. ಪ್ರತಿ ಚೂರು ಯಾವ ಕ್ರೋಮೋಸೋಮಿನದು ಅಂತ ಕಂಪ್ಯೂಟರ್ ಹೊಂದಿಸಿ ಎಣಿಸುತ್ತದೆ. ನಾವು ಲಾಗ್ ಫೈಲುಗಳಲ್ಲಿ ಮಾಡುವ ಎಣಿಕೆಗಿಂತ ಬೇರೆಯೇನಲ್ಲ. 21ನೆಯ ಕ್ರೋಮೋಸೋಮಿನ ಚೂರುಗಳು ಇರಬೇಕಾದ್ದಕ್ಕಿಂತ ಒಂದೂವರೆಪಟ್ಟು ಬಂದರೆ, ಎರಡು ಪ್ರತಿ ಇರಬೇಕಾದಲ್ಲಿ ಮೂರಿವೆ ಅಂತ ಅರ್ಥ. ಡೌನ್ ಸಿಂಡ್ರೋಮ್. ಸುಮಾರು 5,500 ವರ್ಷದ ಹಿಂದಿನ ಕೂಸು. ಮೂಳೆಯಲ್ಲಿದ್ದ ನೈಟ್ರೋಜನ್ ಐಸೋಟೋಪುಗಳ ಅನುಪಾತ ನೋಡಿ, ಎದೆಹಾಲು ಕುಡಿದಿದೆ ಅಂತಲೂ ಹೇಳಿದ್ದಾರೆ.

ಇದನ್ನೆಲ್ಲ ನನಗೆ ಬಂದ ಹಾಗೆ ಹೇಳಿದೆ. ಅವ್ವ ಹಗ್ಗದ ಈಚೆ ನಿಂತು ಗೋರಿಯೊಳಗಿನ ಕತ್ತಲನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಹಾಲು ಕುಡದಿತ್ತಂತ ಖರೇನ ಗೊತ್ತಾಗೇತೇನು?"

"ಹೌದಬೇ. ಮೂಳೆ ಹೇಳತೈತಿ."

"ಹಂಗಾದ್ರ ಅವರವ್ವ ರಾತ್ರಿ ನಿದ್ದಿ ಮಾಡಿಲ್ಲ ಬಿಡು."

ಪುಟ್ಯಾ ಹುಟ್ಟಿದಾಗ ನನಗೆ ಆರು ವರ್ಷ. ಅವನಿಗೆ ಮೊಲೆ ಹಿಡಿದು ಚೀಪುವ ಶಕ್ತಿ ಇರಲಿಲ್ಲ. ಅವ್ವ ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದಳು. ಒಂದು ಸಲಕ್ಕೆ ಒಂದು ತಾಸು, ಮತ್ತೆ ಎರಡು ತಾಸಿಗೆ ಶುರು. ಬಂದವರು, "ಸುಮ್ನ ಯಾಕ ಒದ್ದಾಡ್ತಿ" ಅಂದದ್ದು ನನಗೂ ನೆನಪಿದೆ. ಯಾರು ಅಂದರು ಅನ್ನುವುದು ಈಗ ಬೇಡ.

ನನ್ನದೇ ಒಂದು ಬಾಕಿ ಇದೆ, ಅದನ್ನು ಹೇಳುತ್ತೇನೆ. ಹೋದ ವರ್ಷ ಮದುವೆಗೆಂದು ಬಯೋಡೇಟಾ ಮಾಡಿದಾಗ 'ಒಡಹುಟ್ಟಿದವರು' ಎಂಬಲ್ಲಿ 'ಒಬ್ಬ ಅಕ್ಕ, ಮದುವೆಯಾಗಿದೆ' ಅಂತಷ್ಟೇ ಬರೆದೆ. ಹಾಗೆ ಬರೆ ಅಂದದ್ದು ಸಂಬಂಧ ತರುವ ಹಿರಿಯರೊಬ್ಬರು. ಟೈಪ್ ಮಾಡಿದ್ದು ಮಾತ್ರ ನಾನೇ. ಅವ್ವ ಅದನ್ನು ಓದಿದಳು, ಕನ್ನಡಕ ಮಡಚಿಟ್ಟಳು, ಚಹಾ ಮಾಡಲು ಎದ್ದು ಹೋದಳು. ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಬಂದಿರಲಿಲ್ಲ.

ಒಂದು ಕೂಸನ್ನು ಗೋರಿಯಲ್ಲಿಟ್ಟರು ಅಂದಮಾತ್ರಕ್ಕೆ ಆ ಕಾಲದ ಜನರೆಲ್ಲ ದೊಡ್ಡ ಮನಸ್ಸಿನವರು ಅನ್ನಲಾಗುವುದಿಲ್ಲ. ಇದೇ ಐರ್ಲೆಂಡಿನಲ್ಲಿ, ಎಷ್ಟೋ ಸಾವಿರ ವರ್ಷಗಳ ನಂತರ, ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಕೂಸುಗಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಅಪ್ಪಂದಿರು ಅವನ್ನು ಹೊಲದಂಚಿನಲ್ಲೋ ಹಳೆಯ ಕಲ್ಲುಗಳ ನಡುವೆಯೋ ಹೂಳಿಬರುತ್ತಿದ್ದರು. ಆ ಜಾಗಗಳಿಗೆ ಕಿಲೀನ್ ಅನ್ನುತ್ತಾರೆ. ಇದನ್ನು ಅವ್ವನಿಗೆ ಹೇಳಲಿಲ್ಲ.

ಪುಟ್ಯಾನಿಗೆ ಗೋರಿಯ ಗೊಡವೆ ಇರಲಿಲ್ಲ. ಕಲ್ಲಿನ ಗೋಡೆಯಾಚೆಯ ಹಸುಗಳನ್ನು ಕರೆಯುತ್ತಿದ್ದ. ಅವ್ವ ಅವನನ್ನು ಎಳೆತಂದು ನಡುವೆ ನಿಲ್ಲಿಸಿ, "ಫೋಟೋ ತಗಸು" ಅಂದಳು. ಪಕ್ಕದಲ್ಲಿದ್ದ ಜರ್ಮನ್ ದಂಪತಿಗೆ ಫೋನ್ ಕೊಟ್ಟೆ. ಫೋಟೋದಲ್ಲಿ ಪುಟ್ಯಾ ಕಣ್ಣು ಮುಚ್ಚಿದ್ದಾನೆ, ನನ್ನ ಕೂದಲು ಗಾಳಿಗೆ ಎದ್ದು ನಿಂತಿದೆ, ಗೋರಿಯ ಚಪ್ಪಡಿ ಅವ್ವನ ತಲೆಯ ಮೇಲೆ ಕೂತ ಹಾಗಿದೆ. ಅವ್ವ ಅದನ್ನು ಅಲ್ಲೇ ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಆ ಹಿರಿಯರೂ ಅದೇ ಗುಂಪಿನಲ್ಲಿದ್ದಾರೆ.

ಕಾರು ಹತ್ತುವಾಗ ನನ್ನ ಕಡೆ ನೋಡದೆಯೇ ಅಂದಳು: "ನಿನ್ನ ಬಯೋಡೇಟಾದಾಗ ಆ ಕೋಟು ಹಾಕ್ಕೊಂಡ ಫೋಟೋ ಬ್ಯಾಡ. ಇದನ್ನ ಹಚ್ಚು."

ಪುಟ್ಯಾನಿಗೆ ಹಸಿವಾಗಿತ್ತು. ಬ್ಯಾಲಿವಾನ್‌ನಲ್ಲಿ ನಿಲ್ಲಿಸಿ ಚಿಪ್ಸ್ ಕೊಡಿಸಿದೆ.